ಲೋಹದ ಆಕ್ಸೈಡ್ ನ್ಯಾನೋ ತಂತಿಗಳು: ಬೆಳೆಸುವ ಬಗೆ, ಸ್ಫಟಿಕ ಪರೀಕ್ಷೆ ಮತ್ತು ನಮ್ಮ ಖರೀದಿ ಬಿಲ್ಲು

ಲೆಕ್ಕಪತ್ರಗಳ ತಪಾಸಣೆಯ ಸಂದರ್ಭದಲ್ಲಿ ಔರಾದ ತಾಲ್ಲೂಕಿನ ಎಕಂಬಾ ಕಡೆಯ ಸಣ್ಣ ಉದ್ಯಮಿಯೊಬ್ಬರ ಖರೀದಿ ಪುಸ್ತಕದಲ್ಲಿ ಒಂದೇ ಸರಕು ಎರಡು ದರಗಳಲ್ಲಿ ದಾಖಲಾಗಿದ್ದುದು ನನ್ನ ಗಮನಕ್ಕೆ ಬಂದಿತು. ಅವರು ಪಂಪ್‌ಸೆಟ್ಟುಗಳಿಗೂ ಔಷಧಿ ಸಿಂಪಡಿಸುವ ಯಂತ್ರಗಳಿಗೂ ಬೇಕಾಗುವ ರಬ್ಬರ್ ವಾಷರುಗಳನ್ನು ತಯಾರಿಸುತ್ತಾರೆ. ಗಂಧಕ ಸೇರಿಸಿ ರಬ್ಬರನ್ನು ಕಾಯಿಸಿ ಗಟ್ಟಿಗೊಳಿಸುವಾಗ ಜಿಂಕ್ ಆಕ್ಸೈಡ್ ಎಂಬ ಬಿಳಿಯ ಪುಡಿಯನ್ನು ಬೆರೆಸುವುದು ಆ ಉದ್ಯಮದ ಪದ್ಧತಿ. ನೂರು ಭಾಗ ರಬ್ಬರಿಗೆ ಸಾಮಾನ್ಯವಾಗಿ ಮೂರರಿಂದ ಐದು ಭಾಗ ಪುಡಿ ಬೀಳುತ್ತದೆ. ಅದೇ ಪುಡಿ ಒಂದು ಬಿಲ್ಲಿನಲ್ಲಿ ಮಾಮೂಲು ದರದಲ್ಲಿಯೂ ಇನ್ನೊಂದರಲ್ಲಿ ಅದರ ಮೂರು ಪಟ್ಟಿಗೂ ಮಿಗಿಲಾದ ದರದಲ್ಲಿಯೂ ಇತ್ತು. ಎರಡೂ ಬಿಲ್ಲುಗಳ ಮೇಲೆ ಸರಕಿನ ಎಚ್.ಎಸ್.ಎನ್. ಸಂಖ್ಯೆ 2817 ಎಂದೇ ಇತ್ತು.

ವಿಚಾರಿಸಲಾಗಿ ಅವರು, "ಸಾಬ್ರೆ, ಎರಡೂ ಬೆಳ್ಳಗೇ ಅವ. ಆದ್ರ ಇದು ನ್ಯಾನೋ ಅಂತ ಹೇಳ್ಯಾರ" ಎಂದು ಒಂದು ಪ್ರಮಾಣಪತ್ರವನ್ನೂ ಒಂದು ಬಣ್ಣದ ಕರಪತ್ರವನ್ನೂ ಮುಂದಿಟ್ಟರು. ಪ್ರಮಾಣಪತ್ರದಲ್ಲಿ ಸೂಜಿಗಳನ್ನು ಸಾಲಾಗಿ ನಿಲ್ಲಿಸಿದಂತೆ ಕಾಣುವ ಒಂದು ನಕ್ಷೆ, ಅದರ ಕೆಳಗೆ 'ಸರಾಸರಿ ಗಾತ್ರ 20 ನ್ಯಾನೋಮೀಟರ್' ಎಂಬ ಒಕ್ಕಣೆ. ಕರಪತ್ರದ ಮೇಲೆ ಜೋಳದ ಹೊಲದಂತೆ ಒತ್ತಾಗಿ ನಿಂತ ಸೂಕ್ಷ್ಮ ಕಡ್ಡಿಗಳ ಛಾಯಾಚಿತ್ರವಿದ್ದು, ಅದಕ್ಕೆ 'ನ್ಯಾನೋ ತಂತಿ' ಎಂಬ ಶೀರ್ಷಿಕೆಯಿತ್ತು. ಮಾರಿದ್ದು ಪುಡಿ, ತೋರಿಸಿದ್ದು ತಂತಿ. ವಾಣಿಜ್ಯ ಪದವೀಧರನಾದ ನನಗೆ ಆ ನಕ್ಷೆ ಆ ದಿನ ಅರ್ಥವಾಗಲಿಲ್ಲ. ಅರ್ಥವಾಗದ ಕಾಗದವನ್ನು ಆಧಾರವೆಂದು ಒಪ್ಪಿ ಸಹಿ ಮಾಡುವುದು ನಮ್ಮ ವೃತ್ತಿಗೆ ಸಲ್ಲದು. ಆ ಬಳಿಕ ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದುಕೊಂಡ ವಿಷಯವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ಬಿದರಿ ಕುಲುಮೆಯ ಬಿಳಿ ಹೊಗೆ

ಸತು, ಅಂದರೆ ನಮ್ಮ ಕಡೆ ಜಸ್ತ ಎಂದು ಕರೆಯುವ ಲೋಹವು ಬೀದರ ಜಿಲ್ಲೆಗೆ ಹೊಸದಲ್ಲ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬಿದರಿ ಸಾಮಾನುಗಳ ಒಡಲಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಸತುವೇ ಇದ್ದು, ಉಳಿದದ್ದು ಮುಖ್ಯವಾಗಿ ತಾಮ್ರ. ಸತು ಸುಮಾರು 419 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಎರಕ ಹೊಯ್ಯುವಾಗ ಮೂಸೆಯ ಕಾವು ಅಳತೆ ಮೀರಿದರೆ ಲೋಹಕ್ಕೆ ಬೆಂಕಿ ಹತ್ತಿಕೊಂಡು ಹತ್ತಿಯ ಎಳೆಗಳಂತಹ ಬಿಳಿಯ ಹೊಗೆ ಏಳುತ್ತದೆ. ಹಿತ್ತಾಳೆ ಎರಕದ ಕೆಲಸ ಮಾಡುವವರೂ ಇದನ್ನು ಬಲ್ಲರು. ಆ ಹೊಗೆಯನ್ನು ಕುಡಿದವರಿಗೆ ಅಂದು ಸಂಜೆ ಚಳಿ ಜ್ವರ ಬಂದು ಒಂದೆರಡು ದಿನಗಳಲ್ಲಿ ಇಳಿಯುವುದುಂಟು. ಜ್ವರ ತಾನಾಗಿ ಇಳಿಯುತ್ತದೆಂದು ಅದನ್ನು ಅಲಕ್ಷಿಸಬಾರದು. ಗಾಳಿಯಾಡುವ ಜಾಗದಲ್ಲಿ ಕುಲುಮೆ ಇಡುವುದು, ಕಾವು ಏರದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ.

ಆ ಬಿಳಿಯ ಎಳೆಗಳು ಜಿಂಕ್ ಆಕ್ಸೈಡ್ ಅಲ್ಲದೆ ಬೇರೇನೂ ಅಲ್ಲ. ಐರೋಪ್ಯ ರಸವಾದಿಗಳು ಇದನ್ನು ತಮ್ಮ 'ಉಣ್ಣೆ' ಎಂದು ಕರೆಯುತ್ತಿದ್ದರು. ಪ್ರಬಲವಾದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಎಳೆಗಳ ನಡುವೆ ನಾಲ್ಕು ಮುಳ್ಳುಗಳುಳ್ಳ, ನೆಗ್ಗಿಲ ಕಾಯಿಯಂತಹ ಸ್ಫಟಿಕಗಳು ಕಾಣಸಿಗುತ್ತವೆ. ಪ್ರತಿಯೊಂದು ಮುಳ್ಳೂ ಆರು ಮುಖಗಳುಳ್ಳ ಕಡ್ಡಿ. ಪ್ರಯೋಗಾಲಯಗಳಲ್ಲಿ ಶ್ರಮಪಟ್ಟು ಬೆಳೆಸುವ ಜಿಂಕ್ ಆಕ್ಸೈಡ್ ನ್ಯಾನೋ ತಂತಿಯ ಸಂಬಂಧಿಕರು ಇವೇ. ಬಿದರಿ ಎರಕದವರು ಹಾಳು ಹೊಗೆಯೆಂದು ಬಿಟ್ಟದ್ದನ್ನು ವಿಜ್ಞಾನಿಗಳು ಹದವರಿತು ಹಿಡಿದರು ಎಂದರೆ ಹೆಚ್ಚು ತಪ್ಪಾಗದು.

ನಾಜೂಕು ಇರುವುದು ಆ ಹದದಲ್ಲಿಯೇ. ಸತುವಿನ ಆವಿ ಗಾಳಿ ಸೋಕಿದ ಕ್ಷಣ ಮರಳಿ ಬಿಳಿ ಪುಡಿಯಾಗಿಬಿಡುತ್ತದೆ. ಆದಕಾರಣ ಅದಿರಿನಿಂದ ಸತುವನ್ನು ಲೋಹರೂಪದಲ್ಲಿ ಪಡೆಯುವುದು ಜಗತ್ತಿನ ಬಹುಭಾಗಕ್ಕೆ ಬಹುಕಾಲ ಸಾಧ್ಯವಾಗಲಿಲ್ಲ. ರಾಜಸ್ಥಾನದ ಉದಯಪುರ ಬಳಿಯ ಜಾವರ್‌ನಲ್ಲಿ ಕನಿಷ್ಠ ಆರು ಶತಮಾನಗಳ ಹಿಂದೆಯೇ ಮಣ್ಣಿನ ಮುಚ್ಚಿದ ಕೊಳವೆಗಳಲ್ಲಿ ಅದಿರನ್ನು ಇಂಗಾಲದ ಪದಾರ್ಥದೊಡನೆ ಕಾಯಿಸಿ, ಆವಿಯನ್ನು ಗಾಳಿ ತಾಕದಂತೆ ಕೆಳಮುಖವಾಗಿ ಇಳಿಸಿ ತಣಿಸುವ ವಿದ್ಯೆ ದೊಡ್ಡ ಪ್ರಮಾಣದಲ್ಲಿ ರೂಢಿಯಲ್ಲಿತ್ತು. ಅಲ್ಲಿ ಗಾಳಿಯನ್ನು ಪೂರ್ತಿ ದೂರವಿಟ್ಟರು. ನ್ಯಾನೋ ತಂತಿ ಬೆಳೆಸುವವರು ಅದನ್ನು ತೊಟ್ಟು ತೊಟ್ಟಾಗಿ ಒಳಬಿಡುತ್ತಾರೆ.

ತಂತಿ ಬೆಳೆಯುವ ಬಗೆ

ಮೊದಲು ಅಳತೆಯ ಮಾತು. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರುಗಳಿವೆ. 1ರಿಂದ 100 ನ್ಯಾನೋಮೀಟರ್ ವ್ಯಾಪ್ತಿಯನ್ನು ನ್ಯಾನೋ ಎಂದು ಕರೆಯುವುದು ರೂಢಿ. ತಂತಿಯ ದಪ್ಪ ಈ ವ್ಯಾಪ್ತಿಯಲ್ಲಿದ್ದು, ಉದ್ದ ಅದರ ನೂರಾರು ಪಟ್ಟು ಇರಬಹುದು. ಐವತ್ತು ನ್ಯಾನೋಮೀಟರ್ ದಪ್ಪದ ಸಾವಿರ ತಂತಿಗಳನ್ನು ಒತ್ತಾಗಿ ಮಗ್ಗುಲು ಮಗ್ಗುಲಿಗೆ ಇಟ್ಟರೂ ನಮ್ಮ ತಲೆಗೂದಲಿನ ಅಗಲವನ್ನು ದಾಟುವುದು ಕಷ್ಟ.

ಒಂದು ವಿಧಾನ ಕುಲುಮೆಯದು. ಜಿಂಕ್ ಆಕ್ಸೈಡನ್ನು ಹಾಗೆಯೇ ಆವಿ ಮಾಡಬೇಕಾದರೆ ವಿಪರೀತ ಕಾವು ಬೇಕು. ಅದಕ್ಕೆ ಗ್ರಾಫೈಟ್ ಪುಡಿ ಬೆರೆಸಿದರೆ ಸುಮಾರು 900 ಡಿಗ್ರಿಯ ಆಸುಪಾಸಿನಲ್ಲಿಯೇ ಇಂಗಾಲವು ಆಮ್ಲಜನಕವನ್ನು ಕಸಿದುಕೊಂಡು ಸತುವಿನ ಆವಿಯನ್ನು ಬಿಡುಗಡೆ ಮಾಡುತ್ತದೆ. ಜಾವರ್‌ನ ಕೊಳವೆಯಲ್ಲಿ ನಡೆದುದೂ ಇಂತಹದೇ ಕ್ರಿಯೆ. ಆರ್ಗಾನ್ ಅನಿಲದ ಹರಿವು ಈ ಆವಿಯನ್ನು ಕೊಳವೆ ಕುಲುಮೆಯ ತುಸು ತಂಪಾದ ಭಾಗಕ್ಕೆ ಒಯ್ಯುತ್ತದೆ. ಅಲ್ಲಿ ಸಿಲಿಕಾನ್ ಅಥವಾ ನೀಲಮಣಿಯ ಬಿಲ್ಲೆಯ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪವಿರುತ್ತದೆ. ಕಾವಿಗೆ ಆ ಲೇಪ ಒಡೆದು ಹನಿಹನಿಯಾಗುತ್ತದೆ. ಆವಿಯು ಹನಿಯಲ್ಲಿ ಕರಗಿ, ತುಂಬಿ ತುಳುಕಿದಾಗ, ಸ್ವಲ್ಪ ಪ್ರಮಾಣದ ಆಮ್ಲಜನಕದೊಡನೆ ಕೂಡಿ ಹನಿಯ ಅಡಿಯಿಂದ ಘನರೂಪದಲ್ಲಿ ಹೊರಬರುತ್ತದೆ. ಹೀಗೆ ಹನಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ತಂತಿ ಮೇಲೇಳುತ್ತದೆ. ಹನಿ ಎಷ್ಟು ದಪ್ಪವೋ ತಂತಿಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಈ ಬೆಳವಣಿಗೆಯ ತತ್ತ್ವವನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವ್ಯಾಗ್ನರ್ ಮತ್ತು ಎಲ್ಲಿಸ್ ಸಿಲಿಕಾನ್ ಎಳೆಗಳ ವಿಷಯದಲ್ಲಿ ವಿವರಿಸಿದರು. ಆಕ್ಸೈಡುಗಳ ಸರದಿ ಬಂದದ್ದು ಬಹಳ ತಡವಾಗಿ. 2001ರಲ್ಲಿ ಅಮೆರಿಕದ ಎರಡು ತಂಡಗಳು ಜಿಂಕ್ ಆಕ್ಸೈಡಿನ ತಂತಿ ಮತ್ತು ಪಟ್ಟಿಗಳ ಕುರಿತು ಪ್ರಕಟಿಸಿದ ಬಳಿಕ ಈ ಕ್ಷೇತ್ರಕ್ಕೆ ಮುಗಿಬಿದ್ದವರು ಅನೇಕರು.

ಈ ಕೆಲಸದಲ್ಲಿ ನಮ್ಮ ರಾಜ್ಯದ ಪಾಲು ಸಣ್ಣದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್, ಡಾ. ಎ. ಗೋವಿಂದರಾಜ್ ಮತ್ತು ಅವರ ಸಹೋದ್ಯೋಗಿಗಳು ಇಂಗಾಲದ ನೆರವಿನಿಂದ ಗ್ಯಾಲಿಯಂ, ಅಲ್ಯೂಮಿನಿಯಂ, ಇಂಡಿಯಂ ಮುಂತಾದ ಲೋಹಗಳ ಆಕ್ಸೈಡ್ ತಂತಿಗಳನ್ನು ಬೆಳೆಸಿದರು. ಅವರಿಬ್ಬರೂ ಬರೆದ ನ್ಯಾನೋ ಕೊಳವೆ ಮತ್ತು ನ್ಯಾನೋ ತಂತಿಗಳ ಕುರಿತ ಗ್ರಂಥವು 2005ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯಿಂದ ಹೊರಬಂದಿತು. ಕೇಂದ್ರ ಸರಕಾರವು 2007ರಲ್ಲಿ 1000 ಕೋಟಿ ರೂಪಾಯಿಗಳ ವಿನಿಯೋಗದೊಡನೆ ನ್ಯಾನೋ ಮಿಷನ್ ಆರಂಭಿಸಿದಾಗ ಅದಕ್ಕೆ ಮಾರ್ಗದರ್ಶನ ಮಾಡಿದವರೂ ಪ್ರೊ. ರಾವ್ ಅವರೇ.

ಎರಡನೆಯ ವಿಧಾನ ನೀರಿನದು. ಸಣ್ಣ ಕೈಗಾರಿಕೆಗಳ ದೃಷ್ಟಿಯಿಂದ ಇದೇ ಕುತೂಹಲಕರ. ಸತುವಿನ ನೈಟ್ರೇಟನ್ನೂ ಹೆಕ್ಸಮಿನ್ ಎಂಬ ರಾಸಾಯನಿಕವನ್ನೂ ಬಹಳ ತೆಳುವಾಗಿ ನೀರಿನಲ್ಲಿ ಕದಡಿ, ಮುಚ್ಚಿದ ಪಾತ್ರೆಯಲ್ಲಿ ಸುಮಾರು 90 ಡಿಗ್ರಿಯಲ್ಲಿ ಕೆಲವು ತಾಸು ಇಟ್ಟರೆ, ಒಳಗಿಟ್ಟ ಗಾಜಿನ ಬಿಲ್ಲೆಯ ಮೇಲೆ ಕಡ್ಡಿಗಳು ಎದ್ದು ನಿಲ್ಲುತ್ತವೆ. ಬಿಲ್ಲೆಗೆ ಮೊದಲೇ ಜಿಂಕ್ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಬೀಜದಂತೆ ಹಚ್ಚಿರಬೇಕು. ಬೀಜ ಒತ್ತಾಗಿದ್ದರೆ ಬೆಳೆ ನೇರವಾಗಿ, ಸಣಕಲಾಗಿ ಮೇಲೇಳುತ್ತದೆ. ವಿರಳವಾಗಿದ್ದರೆ ದಪ್ಪಗಾಗಿ ಅತ್ತಿತ್ತ ವಾಲುತ್ತದೆ. ತೊಗರಿ ಬಿತ್ತುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿನ್ನ ಬೇಡ, ಆರ್ಗಾನ್ ಬೇಡ, ಸಾವಿರ ಡಿಗ್ರಿಯ ಕುಲುಮೆಯೂ ಬೇಡ.

ಪುಡಿಯಾಗದೆ ತಂತಿಯೇ ಏಕಾಗುತ್ತದೆ?

ಉತ್ತರ ಸ್ಫಟಿಕ ರಚನೆಯಲ್ಲಿದೆ. ಜಿಂಕ್ ಆಕ್ಸೈಡಿನಲ್ಲಿ ಪ್ರತಿಯೊಂದು ಸತುವಿನ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು, ಪ್ರತಿಯೊಂದು ಆಮ್ಲಜನಕದ ಸುತ್ತ ನಾಲ್ಕು ಸತುವಿನ ಪರಮಾಣುಗಳು ಇರುತ್ತವೆ. ಒಟ್ಟು ಜೋಡಣೆ ಷಡ್ಭುಜಾಕೃತಿಯದು, ಜೇನುಹಟ್ಟಿಯ ಕೋಣೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ. ಮತ್ತೆ ಮತ್ತೆ ಬರುವ ಮೂಲ ಘಟಕದ ಅಡಿಯ ಅಳತೆ 0.325 ನ್ಯಾನೋಮೀಟರ್, ಎತ್ತರ 0.521 ನ್ಯಾನೋಮೀಟರ್. ಈ ಎತ್ತರದ ದಿಕ್ಕಿನಲ್ಲಿ ಒಂದು ಪದರ ಸತು, ಮುಂದಿನದು ಆಮ್ಲಜನಕ ಎಂಬ ಸರದಿ ಇರುವುದರಿಂದ ಸ್ಫಟಿಕದ ಒಂದು ತುದಿಯಲ್ಲಿ ಸತುವಿನ ಮುಖ, ಇನ್ನೊಂದರಲ್ಲಿ ಆಮ್ಲಜನಕದ ಮುಖ ತೆರೆದಿರುತ್ತದೆ. ವಿದ್ಯುದಂಶವುಳ್ಳ ಈ ತುದಿಗಳು ಚಂಚಲ. ಹೊಸ ಪರಮಾಣುಗಳು ಅಲ್ಲಿಯೇ ಬೇಗ ಬಂದು ಸೇರುತ್ತವೆ. ಮಗ್ಗುಲಿನ ಆರು ಗೋಡೆಗಳು ನೆಮ್ಮದಿಯಾಗಿರುವುದರಿಂದ ನಿಧಾನವಾಗಿ ಬೆಳೆಯುತ್ತವೆ. ಅಗಲಕ್ಕಿಂತ ಉದ್ದ ಬೇಗ ಹೆಚ್ಚಿದರೆ ಸಿಗುವುದು ಕಡ್ಡಿ.

ನಕ್ಷೆಯನ್ನು ಓದುವ ಕ್ರಮ

ಇಷ್ಟು ಸೂಕ್ಷ್ಮವಾದ ಜೋಡಣೆಯನ್ನು ಕಂಡವರಾರು ಎಂಬ ಪ್ರಶ್ನೆ ಸಹಜ. 1912ರಲ್ಲಿ ಜರ್ಮನಿಯ ಲಾವೆ ಮತ್ತು ಅವರ ಸಂಗಡಿಗರು ಸ್ಫಟಿಕದ ಮೂಲಕ ಹಾಯ್ದ ಎಕ್ಸ್-ಕಿರಣಗಳು ನಿರ್ದಿಷ್ಟ ದಿಕ್ಕುಗಳಲ್ಲಿ ಮಾತ್ರ ಚದುರುವುದನ್ನು ತೋರಿಸಿದರು. ಇಂಗ್ಲೆಂಡಿನ ಬ್ರ್ಯಾಗ್ ತಂದೆ-ಮಕ್ಕಳು ಆ ದಿಕ್ಕಿನ ಕೋನದಿಂದ ಪರಮಾಣು ಪದರಗಳ ನಡುವಣ ಅಂತರವನ್ನು ಲೆಕ್ಕ ಹಾಕುವ ಸೂತ್ರ ಮತ್ತು ವಿಧಾನವನ್ನು ರೂಪಿಸಿ 1915ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಮಗ ಬ್ರ್ಯಾಗ್ 1920ರಲ್ಲಿ ಜಿಂಕ್ ಆಕ್ಸೈಡಿನ ರಚನೆಯ ಬಗ್ಗೆಯೇ ಪ್ರಬಂಧ ಪ್ರಕಟಿಸಿದರು. ನಮ್ಮ ಉದ್ಯಮಿಯ ಪ್ರಮಾಣಪತ್ರದಲ್ಲಿದ್ದ ನಕ್ಷೆ ಈ ವಿದ್ಯೆಯ ಫಲ.

ಅದನ್ನು ಓದುವುದು ಹೀಗೆ. ಅಡ್ಡಗೆರೆಯ ಮೇಲೆ ಕೋನ, ನೆಟ್ಟಗೆರೆಯ ಮೇಲೆ ಕಿರಣದ ತೀವ್ರತೆ. ತಾಮ್ರದ ಗುರಿಯಿಂದ ಹೊರಡುವ ಸಾಮಾನ್ಯ ಎಕ್ಸ್-ಕಿರಣವನ್ನು ಬಳಸಿದರೆ ಜಿಂಕ್ ಆಕ್ಸೈಡಿಗೆ 31.8, 34.4 ಮತ್ತು 36.3 ಡಿಗ್ರಿಗಳಲ್ಲಿ ಮೂರು ಶಿಖರಗಳು ಅಕ್ಕಪಕ್ಕದಲ್ಲಿ ಏಳಬೇಕು. ಇವು ಸರಿಯಾದ ಸ್ಥಾನದಲ್ಲಿದ್ದರೆ ಪದಾರ್ಥ ಜಿಂಕ್ ಆಕ್ಸೈಡ್ ಹೌದು. ಲೆಕ್ಕಕ್ಕೆ ಬಾರದ ಬೇರೆ ಶಿಖರಗಳಿದ್ದರೆ ಬೆರಕೆ ಇದೆ ಎಂದು ಅರ್ಥ. ಶಿಖರಗಳು ಇರುವ ಸ್ಥಾನ ಇಷ್ಟನ್ನು ಮಾತ್ರ ಹೇಳುತ್ತದೆ. ಪುಡಿ ನ್ಯಾನೋ ಹೌದೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ.

ಅದನ್ನು ಹೇಳುವುದು ಶಿಖರದ ದಪ್ಪ. ಸ್ಫಟಿಕ ಸಣ್ಣದಾದಷ್ಟೂ ಕಿರಣವನ್ನು ತಿದ್ದಿ ಹಿಡಿಯುವ ಪದರಗಳು ಕಡಿಮೆಯಾಗಿ ಶಿಖರ ಹರಡಿಕೊಳ್ಳುತ್ತದೆ. 1918ರಲ್ಲಿ ಶೆರರ್ ಎಂಬ ವಿಜ್ಞಾನಿ ಇದಕ್ಕೆ ಸೂತ್ರ ಕೊಟ್ಟರು. ಆ ಸೂತ್ರದಂತೆ ನಾನೇ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿದೆ. 20 ನ್ಯಾನೋಮೀಟರ್ ಸ್ಫಟಿಕವಾದರೆ 36.3 ಡಿಗ್ರಿಯ ಶಿಖರವು ಅರ್ಧ ಎತ್ತರದಲ್ಲಿ ಸುಮಾರು 0.42 ಡಿಗ್ರಿ ಅಗಲವಿರಬೇಕು. 100 ನ್ಯಾನೋಮೀಟರ್ ಆದರೆ ಅದು 0.08 ಡಿಗ್ರಿಗೆ ಇಳಿಯುತ್ತದೆ, ಮತ್ತು ಅದರಾಚೆ ಯಂತ್ರದ್ದೇ ಆದ ಅಗಲದಲ್ಲಿ ಮುಚ್ಚಿಹೋಗುತ್ತದೆ. ನಮ್ಮ ಮುಂದಿದ್ದ ಕಾಗದದಲ್ಲಿ ಶಿಖರಗಳು ಗುಂಡುಸೂಜಿಯಷ್ಟು ತೆಳ್ಳಗಿದ್ದವು, ಆದರೆ ಒಕ್ಕಣೆ 20 ನ್ಯಾನೋಮೀಟರ್ ಎಂದಿತ್ತು. ಕಾಗದವೇ ತನಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿತ್ತು.

ತಂತಿಗಳಾದರೆ ಓದುವ ಕ್ರಮ ಕೊಂಚ ಬೇರೆ. ಸಾಮಾನ್ಯ ಪುಡಿಯಲ್ಲಿ 36.3ರ ಶಿಖರವೇ ಎಲ್ಲಕ್ಕಿಂತ ಎತ್ತರ, 34.4ರದ್ದು ಅದರ ಅರ್ಧಕ್ಕಿಂತ ಕಡಿಮೆ. ಬಿಲ್ಲೆಯ ಮೇಲೆ ನೆಟ್ಟಗೆ ನಿಂತ ತಂತಿಗಳಲ್ಲಿ ಎತ್ತರದ ದಿಕ್ಕಿನ ಪದರಗಳೇ ಕಿರಣಕ್ಕೆ ಎದುರಾಗುವುದರಿಂದ 34.4ರ ಶಿಖರ ಮಿಕ್ಕೆಲ್ಲವನ್ನೂ ಮೀರಿ ಏಳುತ್ತದೆ. ಕರಪತ್ರದಲ್ಲಿ ತೋರಿಸಿದಂತಹ 'ಹೊಲ' ನಿಜವಾಗಿ ಇದ್ದಲ್ಲಿ ನಕ್ಷೆ ಹಾಗಿರಬೇಕಾಗಿತ್ತು. ನಮ್ಮ ಕಾಗದದಲ್ಲಿ ಇದ್ದುದು ಅಪ್ಪಟ ಪುಡಿಯ ನಕ್ಷೆ.

ಆದರೂ ನಕ್ಷೆಯೊಂದನ್ನೇ ನಂಬುವುದು ವಿಹಿತವಲ್ಲ. ಶಿಖರ ಅಗಲವಾಗಲು ಸ್ಫಟಿಕದೊಳಗಿನ ಬಿಗುವು ಮುಂತಾದ ಅನ್ಯ ಕಾರಣಗಳೂ ಉಂಟು. ಸಣ್ಣ ಸ್ಫಟಿಕಗಳು ಒಂದಕ್ಕೊಂದು ಬೆಸೆದು ದೊಡ್ಡ ಗಂಟಾಗಿದ್ದರೆ ನಕ್ಷೆ ಸಣ್ಣದೆಂದೇ ಹೇಳುತ್ತದೆ, ರಬ್ಬರಿನಲ್ಲಿ ಅದು ದೊಡ್ಡ ಗಂಟಿನಂತೆಯೇ ವರ್ತಿಸುತ್ತದೆ. ಆದುದರಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವೂ ಬೇಕು. ಜೊತೆಗೆ ಮೇಲ್ಮೈ ವಿಸ್ತೀರ್ಣದ ಪರೀಕ್ಷೆ. ಪುಡಿಯ ಮೇಲೆ ಎಷ್ಟು ಸಾರಜನಕ ಅನಿಲ ಅಂಟುತ್ತದೆಂದು ಅಳೆದು ಇದನ್ನು ಕಂಡುಹಿಡಿಯುತ್ತಾರೆ. ಜಿಂಕ್ ಆಕ್ಸೈಡಿನ ಸಾಂದ್ರತೆ 5.6 ಎಂದು ಹಿಡಿದು ಗುಂಡನೆಯ ಕಣಗಳಿಗೆ ಲೆಕ್ಕ ಮಾಡಿದರೆ, 20 ನ್ಯಾನೋಮೀಟರ್ ಕಣದ ಒಂದು ಗ್ರಾಂ ಪುಡಿಗೆ ಐವತ್ತಕ್ಕೂ ಹೆಚ್ಚು ಚದರ ಮೀಟರ್ ಮೇಲ್ಮೈ ಬರುತ್ತದೆ. 300 ನ್ಯಾನೋಮೀಟರ್ ಆದರೆ ನಾಲ್ಕು ಚದರ ಮೀಟರೂ ಬಾರದು. ರಬ್ಬರಿನ ಕೆಲಸ ನಡೆಯುವುದು ಮೇಲ್ಮೈಯಲ್ಲಿ. 'ಐದು ಭಾಗದ ಬದಲು ಎರಡೇ ಭಾಗ ಸಾಕು' ಎಂದು ಮಾರುವವರು ಹೇಳುವಾಗ ಆ ಮಾತು ನಿಂತಿರುವುದು ಈ ಒಂದು ಅಂಕಿಯ ಮೇಲೆ. ನಾವು ಹೆಚ್ಚಿನ ದರ ತೆರುವುದು ಸತುವಿಗಲ್ಲ, ಈ ಚದರ ಮೀಟರುಗಳಿಗೆ.

ತಂತಿಗಳಿಂದ ಉಪಯೋಗವೇನು?

ಮುಖ್ಯವಾಗಿ ಅನಿಲ ಸೋರಿಕೆಯನ್ನು ಗುರುತಿಸುವ ಸಾಧನಗಳು. ಆಕ್ಸೈಡಿನ ಮೇಲ್ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಹಿಡಿದಿಡುವುದರಿಂದ ವಿದ್ಯುತ್ತಿನ ಹರಿವಿಗೆ ತಡೆ ಹೆಚ್ಚುತ್ತದೆ. ಅಡಿಗೆ ಅನಿಲ ಸೋಕಿದರೆ ಅದು ಆ ಆಮ್ಲಜನಕದೊಡನೆ ಕೂಡಿ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ತಡೆ ಇಳಿಯುತ್ತದೆ, ಗಂಟೆ ಬಾರಿಸುತ್ತದೆ. ಜಪಾನಿನಲ್ಲಿ 1962ರಲ್ಲಿ ಜಿಂಕ್ ಆಕ್ಸೈಡಿನ ಪದರದ ಮೇಲೆ ಈ ಗುಣವನ್ನು ತೋರಿಸಲಾಯಿತು. ಇಂದು ಅಂಗಡಿಗಳಲ್ಲಿ ಸಿಗುವ ಸೋರಿಕೆ ಸೂಚಕಗಳಲ್ಲಿ ಬಹಳಷ್ಟು ತವರದ ಆಕ್ಸೈಡನ್ನು ಬಳಸುತ್ತವೆ. ದಪ್ಪ ಪದರದಲ್ಲಿ ಈ ಪರಿಣಾಮ ಹೊರಮೈಗೆ ಸೀಮಿತ. ಐವತ್ತು ನ್ಯಾನೋಮೀಟರ್ ತಂತಿಗಾದರೆ ಒಳಗು ಎಂಬುದೇ ಅಲ್ಪ, ಇಡೀ ತಂತಿಯೇ ಸ್ಪಂದಿಸುತ್ತದೆ. ಜಕ್ಕೂರಿನ ತಂಡವು ಜಿಂಕ್ ಆಕ್ಸೈಡಿನ ಕಡ್ಡಿ, ತಂತಿ, ಕೊಳವೆಗಳನ್ನು ಬಳಸಿ ಜಲಜನಕ ಮತ್ತು ಎಥನಾಲ್ ಆವಿಯನ್ನು ಗುರುತಿಸಿದ ಪ್ರಯೋಗಗಳನ್ನು 2006ರಲ್ಲಿ ಪ್ರಕಟಿಸಿದೆ. ಹಾಗೆಂದು ತಂತಿಗಳು ಗೋಣಿಚೀಲಗಳಲ್ಲಿ ಮಾರಾಟವಾಗುವ ಸರಕಲ್ಲ. ಬಿಲ್ಲೆಯ ಮೇಲೆ ಬೆಳೆದವನ್ನು ಬಿಲ್ಲೆಯ ಮೇಲೆಯೇ ಬಳಸುವುದು ಹೆಚ್ಚು. ಚೀಲದಲ್ಲಿ ಬಂದದ್ದನ್ನು ಯಾರಾದರೂ ನ್ಯಾನೋ ತಂತಿ ಎಂದರೆ ಎರಡು ಬಾರಿ ಕೇಳುವುದು ಒಳ್ಳೆಯದು.

ರಸಗೊಬ್ಬರ ವರ್ತಕರೂ ನ್ಯಾನೋ ಹೆಸರಿನ ಬಾಟಲಿಗಳ ಬಗ್ಗೆ ನನ್ನನ್ನು ಕೇಳುತ್ತಾರೆ. ಅವುಗಳಲ್ಲಿರುವುದು ಕಣಗಳೇ ಹೊರತು ತಂತಿಗಳಲ್ಲ. ರಸಗೊಬ್ಬರ ನಿಯಂತ್ರಣ ಆದೇಶ 1985ಕ್ಕೆ 2021ರಲ್ಲಿ ನ್ಯಾನೋ ಗೊಬ್ಬರಗಳಿಗೆ ಸಂಬಂಧಿಸಿದ ಅವಕಾಶ ಸೇರಿಸಲಾಗಿದೆ. ಅಲ್ಲಿ ವರ್ತಕರು ನೋಡಬೇಕಾದುದು ಆ ಉತ್ಪನ್ನವೂ ಅದರ ತಯಾರಕರೂ ಅಧಿಸೂಚನೆಯಲ್ಲಿ ಇದ್ದಾರೆಯೇ ಎಂಬುದನ್ನು, ಬಾಟಲಿಯ ಮೇಲಿನ ಚಿತ್ರವನ್ನಲ್ಲ.

ಪರೀಕ್ಷೆ ಮತ್ತು ಪರಿಣಾಮ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಹೊರಗಿನ ಉದ್ಯಮಗಳ ಮಾದರಿಗಳನ್ನೂ ಶುಲ್ಕ ಪಡೆದು ಪರೀಕ್ಷಿಸುವ ವ್ಯವಸ್ಥೆಯಿದೆ. ನಮ್ಮವರಿಗೆ ಹತ್ತಿರ ಹೈದರಾಬಾದು. ಅಲ್ಲಿನ ಒಂದು ಪ್ರಯೋಗಾಲಯಕ್ಕೆ ಎರಡೂ ಪುಡಿಗಳ ಮಾದರಿಗಳನ್ನು, ಯಾವುದು ಯಾವುದೆಂದು ಬರೆಯದೆ, ಒಂದು ಮತ್ತು ಎರಡು ಎಂಬ ಅಂಕೆಗಳನ್ನಷ್ಟೇ ಹಾಕಿ ಕಳುಹಿಸಿದೆವು. ವರದಿ ಬಂದಾಗ ಎರಡರ ಕಣಗಳೂ ಕೆಲವು ನೂರು ನ್ಯಾನೋಮೀಟರುಗಳಷ್ಟಿದ್ದವು. ಮೇಲ್ಮೈ ವಿಸ್ತೀರ್ಣದಲ್ಲಿಯೂ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ದುಬಾರಿ ಪುಡಿಯನ್ನು ಎರಡೇ ಭಾಗ ಹಾಕಿ ತಯಾರಿಸಿದ ವಾಷರುಗಳಲ್ಲಿ ಕೆಲವು ಮೆತ್ತಗಾಗಿವೆ ಎಂದು ಮರಳಿ ಬಂದದ್ದೇಕೆಂಬುದು ಆಗ ತಿಳಿಯಿತು. ಪುಡಿ ನಕಲಿಯಲ್ಲ, ಶುದ್ಧವಾದ ಜಿಂಕ್ ಆಕ್ಸೈಡೇ. ಹೀಗಾಗಿ ಮಾರಿದವರನ್ನು ಬೆರಕೆಯ ಆರೋಪದಲ್ಲಿ ಹಿಡಿಯುವಂತಿರಲಿಲ್ಲ. ನಮ್ಮ ಖರೀದಿ ಆದೇಶದಲ್ಲಿ 'ನ್ಯಾನೋ ಜಿಂಕ್ ಆಕ್ಸೈಡ್' ಎಂಬ ಮೂರು ಶಬ್ದಗಳ ಹೊರತು ಯಾವ ಅಳತೆಯೂ ಇರಲಿಲ್ಲ. 2817ರ ಶೀರ್ಷಿಕೆಯು ಜಿಂಕ್ ಆಕ್ಸೈಡ್ ಎಂಬುದನ್ನು ಮಾತ್ರ ಬಲ್ಲದು, ಕಣದ ಗಾತ್ರವನ್ನು ಕೇಳುವುದಿಲ್ಲ.

ವರದಿಯ ಪ್ರತಿಯನ್ನೂ ಅವರದೇ ಪ್ರಮಾಣಪತ್ರದ ಶಿಖರದ ಅಗಲವನ್ನೂ ಮುಂದಿಟ್ಟು ಎರಡು ಪತ್ರ ಬರೆದ ಬಳಿಕ ಮಾರಾಟಗಾರರು ದರದ ಅಂತರದಲ್ಲಿ ಒಂದು ಭಾಗಕ್ಕೆ ಮಾತ್ರ ಕ್ರೆಡಿಟ್ ನೋಟು ಕೊಟ್ಟರು. ಮರಳಿದ ವಾಷರುಗಳ ನಷ್ಟ ನಮ್ಮ ಉದ್ಯಮಿಯ ಪಾಲಿಗೇ ಉಳಿಯಿತು. ಈಗ ಅವರ ಖರೀದಿ ಆದೇಶದಲ್ಲಿ ಕಣದ ಗಾತ್ರ, ಅದನ್ನು ಅಳೆಯುವ ವಿಧಾನ, ಪ್ರತಿ ಗ್ರಾಂಗೆ ಮೇಲ್ಮೈ ವಿಸ್ತೀರ್ಣ, ಆಯಾ ಬ್ಯಾಚಿನದೇ ಪರೀಕ್ಷಾ ವರದಿ, ವ್ಯತ್ಯಾಸವಾದರೆ ಸರಕು ಮರಳಿಸುವ ಅವಧಿ ಇಷ್ಟೂ ಬರೆದಿರುತ್ತದೆ. ಬ್ಯಾಚಿನ ಮಾತನ್ನು ಸೇರಿಸಲು ಕಾರಣವಿದೆ. ಹಿಂದಿನ ಪ್ರಮಾಣಪತ್ರದ ಮೇಲೆ ಬ್ಯಾಚು ಸಂಖ್ಯೆಯೇ ಇರಲಿಲ್ಲ.

ಉಳಿದ ಹನ್ನೊಂದು ಚೀಲಗಳನ್ನು ಮಾರ್ಚ್ 31ರ ದಾಸ್ತಾನಿನಲ್ಲಿ ಖರೀದಿ ದರಕ್ಕೆ ತೋರಿಸಬೇಕೆಂದು ಅವರ ಗುಮಾಸ್ತರು ಹಟ ಹಿಡಿದರು. ಖರೀದಿ ಬೆಲೆ ಮತ್ತು ವಾಸ್ತವವಾಗಿ ದಕ್ಕುವ ಬೆಲೆ ಇವೆರಡರಲ್ಲಿ ಕಡಿಮೆಯಾದುದನ್ನೇ ಹಿಡಿಯಬೇಕೆಂಬುದು ನಿಯಮ. ಕಚ್ಚಾ ಮಾಲಾದರೆ ಅದರಿಂದಾಗುವ ಸರಕು ತನ್ನ ಖರ್ಚನ್ನು ಹುಟ್ಟಿಸುವುದೇ ಎಂದು ನೋಡಬೇಕು. ಆ ದರದ ಪುಡಿಯನ್ನು ಪೂರ್ತಿ ಐದು ಭಾಗ ಹಾಕಿದರೆ ವಾಷರಿನ ಬೆಲೆಯಲ್ಲಿ ಅದರ ಖರ್ಚು ಹುಟ್ಟುತ್ತಿರಲಿಲ್ಲ. ಹನ್ನೊಂದು ಚೀಲಗಳನ್ನೂ ಮಾಮೂಲು ಜಿಂಕ್ ಆಕ್ಸೈಡಿನ ದರಕ್ಕೆ ಇಳಿಸಿ ಬರೆಯಲಾಯಿತು.